ಕರಡಿಗುಡ್ಡದ ಟವರಿನಿಂದ

ಸಿಗ್ನಲ್ ಸತ್ತ ಸುದ್ದಿ ಫೋನಿನಲ್ಲಿ ಬರುವುದಿಲ್ಲ.
ಕೆರಿಯಪ್ಪನೇ ಬಂದ, ನಾಲ್ಕು ಗಂಟೆಗೆ,
ಕಿಟಕಿಗೆ ಟಾರ್ಚಿನ ಬೆಳಕು ಬಡಿದ.
ಗುಲಾಬಿ ಮಗ್ಗುಲು ಬದಲಿಸುತ್ತ ಹೇಳಿದಳು:
'ಸ್ವೆಟರ್ ಹಾಕ್ಕಳಿ. ಕಾವಳ ಇಳಿದಿದೆ.'

ಮುರಕಲ್ಲಿನ ದಾರಿ. ಅವನ ಬೆನ್ನಿಗೆ ಐದು ಲೀಟರ್ ಡೀಸೆಲ್,
ನನ್ನದಕ್ಕೆ ಸ್ಪ್ಯಾನರು, ಟೇಪು, ಹೊಸದೊಂದು ಬ್ರೇಕರ್.
ಬೆಳಕು ಮೂರು ಹೆಜ್ಜೆ ಹೋಗಿ ಬಿಳಿ ಗೋಡೆಗೆ
ಹಣೆ ತಾಗಿಸಿ ನಿಲ್ಲುತ್ತಿತ್ತು.
ಕೆರಿಯಪ್ಪ ಕೆಮ್ಮಿದ ಕಡೆಗೆ ನಾನು ನಡೆದೆ.
ಏಳು ವರ್ಷದಲ್ಲಿ ಎಷ್ಟು ಸಲ ಹತ್ತಿಲ್ಲ ಈ ಗುಡ್ಡವನ್ನು,
ಕತ್ತಲಲ್ಲಿ ಇದೇ ಮೊದಲು.

ಕೊನೆಯ ತಿರುವಿನಲ್ಲಿ, ಹೇಗೆ ಹೇಳಲಿ,
ತಲೆ ಮೊದಲು ಹೊರಗೆ ಬಂತು.
ಆಮೇಲೆ ಭುಜ, ಚೀಲ, ಮೊಣಕಾಲು.
ಕೆರೆಯಿಂದ ಎಮ್ಮೆ ಏಳುವ ಹಾಗೆ
ಎದ್ದು ಬಂದೆವು ನಕ್ಷತ್ರಗಳ ಕೆಳಗೆ.

ಬೆಲ್ಟು ಬಿಗಿದು ಟವರಿನ ನಡುಮಧ್ಯಕ್ಕೆ ಏರುವಾಗ
ಪೂರ್ವ ಕೆಂಪಾಯಿತು.
ಗುಡ್ಡೇಕೇರಿ ಇರಲಿಲ್ಲ. ಆಗುಂಬೆಯ ರಸ್ತೆ ಇರಲಿಲ್ಲ.
ಮಾಲತಿ ಹೊಳೆ ಎಲ್ಲಿ ಹರಿಯುತ್ತದೋ ಅಲ್ಲಿ ಅದು ಇರಲಿಲ್ಲ.
ಇದ್ದದ್ದು ಬಿಳಿ, ಅಂಚಿನಿಂದ ಅಂಚಿಗೆ,
ಸದ್ದನ್ನು ಮನೆಯಲ್ಲೇ ಮರೆತು ಬಂದ ನೆರೆ.
ಅಲ್ಲಲ್ಲಿ ದ್ವೀಪ:
ಕುಂದಾದ್ರಿಯ ಬೋಳು ನೆತ್ತಿ,
ಕವಲೇದುರ್ಗದ ಬೆನ್ನು,
ತುಂಬ ದೂರದಲ್ಲಿ ಕೊಡಚಾದ್ರಿ, ಅಥವಾ
ಕೊಡಚಾದ್ರಿಯೆಂದು ನಾನು ನಂಬಿರುವ ಒಂದು ನೀಲಿ ಹಲ್ಲು.

ಕೆಳಗಿನಿಂದ ಕೆರಿಯಪ್ಪ:
'ಬೆಂಕಿ ಉಗುಳಿ ಸಮುದ್ರದ ನಡುವೆ ಎದ್ದ ಬೆಟ್ಟ ಇದಾವಂತೆ,
ಮೊಮ್ಮಗಳ ಪುಸ್ತಕದಾಗಿತ್ತು.
ಅರ್ಥಿಂಗ್ ಗುಂಡಿ ತೋಡಿದಾಗ ಇಲ್ಲೂ ಒಳಗೆಲ್ಲ
ಸುಟ್ಟ ಇಟ್ಟಿಗೆ ಹಂಗೆ ಕೆಂಪಿತ್ತಲ್ಲ.
ನಮ್ಮದೂ ಹಂಗೇ ಹುಟ್ಟಿದ್ದೋ ಹೆಂಗೆ?'
'ಬ್ರೇಕರ್ ಹಾಕು' ಎಂದು ಕೂಗಿದೆ.
ಗೊತ್ತಿಲ್ಲದ್ದಕ್ಕೆಲ್ಲ ನನ್ನ ಉತ್ತರ ಯಾವಾಗಲೂ ಕೆಲಸ.

ದೀಪ ಹಸಿರಾಯಿತು.
ಪರೀಕ್ಷೆಯ ಮೊದಲ ಕರೆ ಗುಲಾಬಿಗೆ. ನಿಯಮವಲ್ಲ, ರೂಢಿ.
ಸ್ಕೂಟರಿನ ಸದ್ದು ಕೇಳಿಸಿತು;
ಲಸಿಕೆಯ ಡಬ್ಬ ಕಟ್ಟಿಕೊಂಡು ಮೇಲ್ಕೇರಿಗೆ ಹೊರಟಾಗಿದೆ ಆಕೆ.
'ನಿಲ್ಸಿದೆ. ಹೇಳಿ.'
'ಸಮುದ್ರ ಬಂದಿದೆ ಕಣೇ ಇಲ್ಲಿ. ಹೊಳೀತಾ ಇದೆ.'
'ಎಂಥ ಸಮುದ್ರ ಮಾರಾಯ್ರೆ,
ನಂಗೆ ಮುಂದಿನ ಚಕ್ರ ಕಾಣ್ತಿಲ್ಲ.
ಬಸ್ಸು ಬಂದ್ರೆ ಹಾರನ್ ಕೇಳೇ ಬದಿಗೆ ಹೋಗ್ಬೇಕು.
ನಿನ್ನೆ ಒಗೆದದ್ದು ಇವತ್ತೂ ಒಣಗಲ್ಲ. ಕೇಳ್ತಾ ಇದ್ಯಾ?'
ಕೇಳುತ್ತಿತ್ತು. ನಾಲ್ಕೂ ಕಡ್ಡಿ ಸಿಗ್ನಲ್.

ಆಮೇಲೆಯೂ ಬೆಲ್ಟಿನಲ್ಲಿ ಜೋತು
ನೋಡುತ್ತಲೇ ಇದ್ದೆ, ಈಗ ಬೇರೆ ಥರ.
ಆ ಹೊಳಪಿನ ತಳದಲ್ಲಿ ಎಲ್ಲೋ
ಹಳದಿ ದೀಪದ ಒಂದು ಸ್ಕೂಟರ್,
ಎಳೆ ತೊಡೆಗಳಿಗೆ ಚುಚ್ಚುವ ಮದ್ದನ್ನು ಐಸಿನಲ್ಲಿಟ್ಟುಕೊಂಡು
ಮೀನಿನ ಹಾಗೆ,
ಅಲ್ಲ, ಮೀನಿಗೆ ದಾರಿ ಗೊತ್ತಿರುತ್ತದೆ,
ಕಾಲು ನೆಲಕ್ಕೆ ಊರುತ್ತ, ಊರುತ್ತ
ಹೋಗುತ್ತಿದೆ.
ಮೇಲೆ ಒಂದು ಸುಕ್ಕೂ ಏಳಲಿಲ್ಲ.

'ಇಳೀರಿ, ಬಿಸಿಲಾತು.'
ಇಳಿಯುವುದೆಂದರೆ ಮುಳುಗುವುದು.
ಮೊಣಕಾಲು, ಚೀಲ, ಭುಜ.
ಕಣ್ಣು ಮುಳುಗುವ ಮೊದಲು ಒಮ್ಮೆ ನಿಂತೆ.
ಕನ್ನಡಕ ಒರೆಸಿಕೊಳ್ಳಲಿಕ್ಕೆ ಎಂದು ಅವನಿಗೆ ಹೇಳಿದೆ.

ಎಂಟೂವರೆಗೆ ಬಂದಳು, ತಿಂಡಿಗೆ.
ಹೆಲ್ಮೆಟ್ ತೆಗೆದರೆ ಹಣೆಯ ಕೂದಲಲ್ಲಿ ಸಾಲು ಹನಿ,
ಹುಬ್ಬಿನಲ್ಲೂ ಎರಡು.
'ಹೇಗಿತ್ತು ನಿಮ್ಮ ಸಮುದ್ರ?'
ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು
ನಾಲಿಗೆಗೆ ಮುಟ್ಟಿಸಿ ನೋಡಿದೆ.
ಉಪ್ಪಿರಲಿಲ್ಲ.
ಹೆಲ್ಮೆಟ್ಟಿನ ವಾಸನೆ ಇತ್ತು, ಸ್ವಲ್ಪ.